ಅರೆದೆರೆದ ಬಾಗಿಲು

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ನನ್ನ ಅಮೆರಿಕಾ ಪ್ರವಾಸವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆಮಾಡಿದ್ದರು. ಆ ನಾಲ್ಕು ಮಾತಿನೊಳಗೆ ಒಂದು ಗಾಲ್ಫ್ ಮೈದಾನಕ್ಕೆ ನಾವು ಹೋಗಿಬಂದ ವೃತ್ತಾಂತವೂ ಸೇರಿತ್ತು. ಅದನ್ನು ಕೇಳಿ ಸಭಾಸದರಲ್ಲಿ ಇಬ್ಬರು ಮಹನೀಯರು ಎದ್ದುನಿಂತು ಆಕ್ಷೇಪಿಸಿದರು. ಒಬ್ಬರು, "ಪಾಠಶಾಲೆಯಲ್ಲಿ ಕೌಮುದಿಯನ್ನು ಉರುಹೊಡೆದವರಿಗೆ ಸಿರಿವಂತರ ದಾಂಡುಚೆಂಡಿನ ಗೊಡವೆಯೇಕೆ?" ಎಂದರು. ಇನ್ನೊಬ್ಬರು ವಕೀಲರು. ಅವರು, "ಮನೆ ಅವರದು, ಬಾಗಿಲು ಅವರದು, ತೆರೆದರೂ ಅವರ ಚಿತ್ತ, ಮುಚ್ಚಿದರೂ ಅವರ ಚಿತ್ತ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಹೊತ್ತು ಮೀರಿದ್ದರಿಂದ ಅಂದು ನಾನು ಉತ್ತರ ಹೇಳಲಿಲ್ಲ. ಹೇಳದೆ ಬಿಟ್ಟರೆ ಒಪ್ಪಿದಂತಾಗುವುದಾದಕಾರಣ ಈಗ ಲೇಖನಿಯನ್ನು ಹಿಡಿದಿದ್ದೇನೆ. ಇಬ್ಬರೂ ನನಗೆ ಮಾನ್ಯ ಸ್ನೇಹಿತರು. ನನ್ನ ಜಗಳ ಅವರ ಮಾತಿನೊಡನೆಯೇ ಹೊರತು ಅವರೊಡನೆ ಅಲ್ಲ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನನ್ನ ಮಗಳ ಮನೆ ಇರುವುದು ಉತ್ತರ ಕ್ಯಾರೊಲೈನಾ ಸಂಸ್ಥಾನದ ರಾಲೀ ನಗರದ ಸಮೀಪದಲ್ಲಿ. ಆ ಸಂಸ್ಥಾನ ಗಾಲ್ಫ್ ಆಟಕ್ಕೆ ಹೆಸರಾದದ್ದು. ಪೈನ್‌ಹರ್ಸ್ಟ್ ಎಂಬ ಪ್ರಸಿದ್ಧವಾದ ಆಟದ ಊರು ಅಲ್ಲಿಯೇ ಇದೆ. ನಮ್ಮ ಅಳಿಯಂದಿರಿಗೆ ಆ ಆಟದಲ್ಲಿ ಆಸಕ್ತಿ. ಒಂದು ದಿನ ಅವರು, "ಮಾವನವರೇ, ಶನಿವಾರ ಮಧ್ಯಾಹ್ನ ನೀವೂ ಬನ್ನಿ. ಆಡದಿದ್ದರೂ ಗಾಡಿಯಲ್ಲಿ ಕುಳಿತು ನೋಡಬಹುದು, ಮರಗಿಡಗಳು, ಕೆರೆ ಎಲ್ಲ ಚೆನ್ನಾಗಿವೆ" ಎಂದು ಕರೆದರು. ಹೋಗಬೇಕಾಗಿದ್ದ ಸ್ಥಳ ಅವರು ಸದಸ್ಯರಾಗಿದ್ದ ಸ್ಥಳವಲ್ಲ. ಅದು "ಸೆಮಿ-ಪ್ರೈವೇಟ್" ಮೈದಾನವೆಂದು ತಿಳಿಸಿದರು. ಅರೆಖಾಸಗಿ ಎಂಬ ಈ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಆ ದೇಶದಲ್ಲಿ ಗಾಲ್ಫ್ ಮೈದಾನಗಳು ಮೂರು ಬಗೆ. ಖಾಸಗಿಯಾದದ್ದರಲ್ಲಿ ಸದಸ್ಯರಿಗೂ ಅವರು ಕರೆತಂದ ಅತಿಥಿಗಳಿಗೂ ಮಾತ್ರ ಪ್ರವೇಶ. ಸಾರ್ವಜನಿಕವಾದದ್ದರಲ್ಲಿ ಶುಲ್ಕ ಕೊಟ್ಟ ಯಾರಾದರೂ ಆಡಬಹುದು. ಇವುಗಳಲ್ಲಿ ಹಲವು ನಗರಸಭೆಯ ಸ್ವತ್ತಾಗಿರುತ್ತವೆ. ಅರೆಖಾಸಗಿಯಾದದ್ದು ಇವೆರಡರ ನಡುವಿನದು. ಅಲ್ಲಿ ವರುಷಕ್ಕಿಷ್ಟೆಂದು ಹಣ ಕಟ್ಟಿದ ಸದಸ್ಯರೂ ಇರುತ್ತಾರೆ. ಆ ಹಣದಿಂದ ಮಾತ್ರ ಹುಲ್ಲಿಗೆ ನೀರು ಸಾಲದಾದ್ದರಿಂದ, ಸದಸ್ಯರು ಬಿಟ್ಟ ಹೊತ್ತನ್ನು ಹೊರಗಿನವರಿಗೆ ಮಾರುವುದೂ ಉಂಟು. ಹದಿನೆಂಟು ಕುಳಿಯ ಮೈದಾನವೆಂದರೆ ಸಾಮಾನ್ಯವಾಗಿ 100ರಿಂದ 200 ಎಕರೆ ನೆಲ. ಅಷ್ಟು ನೆಲದ ಹುಲ್ಲನ್ನು ಕತ್ತರಿಸಿ, ನೀರುಣಿಸಿ, ಮರಳುಗುಣಿಗಳನ್ನು ಸರಿಮಾಡಿ ಇಟ್ಟುಕೊಳ್ಳುವುದಕ್ಕೆ ತಗಲುವ ವೆಚ್ಚವನ್ನು ವಾಚಕರು ಊಹಿಸಬಲ್ಲರು.

ಇಂಥ ಸ್ಥಳಕ್ಕೆ ಹೋಗುವುದಕ್ಕೆ ನಮ್ಮ ಅಳಿಯಂದಿರು ಮಾಡಿದ ಸಿದ್ಧತೆಯನ್ನು ನೋಡಿ ನನಗೆ ಮದುವೆಯ ಮುಹೂರ್ತದ ನೆನಪಾಯಿತು. ಆಟ ಮೊದಲಾಗುವ ಗಳಿಗೆಗೆ ಅವರು "ಟೀ ಟೈಮ್" ಎನ್ನುತ್ತಾರೆ. ನಾಲ್ವರು ನಾಲ್ವರಾಗಿ, ಎಂಟು ಹತ್ತು ನಿಮಿಷಗಳ ಅಂತರದಲ್ಲಿ, ಒಂದು ಗುಂಪಿನ ಹಿಂದೆ ಇನ್ನೊಂದು ಗುಂಪು ಹೊರಡಬೇಕು. ಆ ಗಳಿಗೆಯನ್ನು ಮುಂದಾಗಿ ಗೊತ್ತುಮಾಡಿಕೊಳ್ಳಬೇಕು. ಸದಸ್ಯರಾದವರು ಬಹಳ ದಿನ ಮುಂಚೆ ಗೊತ್ತುಮಾಡಬಹುದು, ಹೊರಗಿನವರಿಗೆ ಕೆಲವೇ ದಿನ ಮುಂಚೆ. ವಾರದ ಕೊನೆಯ ಬೆಳಗಿನ ಹೊತ್ತು ಸದಸ್ಯರಿಗೆ ಮೀಸಲು. ಮಧ್ಯಾಹ್ನಕ್ಕೆ ಒಂದು ದರ, ಇಳಿಹೊತ್ತಿಗೆ ಅದಕ್ಕಿಂತ ಕಡಮೆಯ ದರ. ಗಾಡಿಯ ಬಾಡಿಗೆ ಅದರಲ್ಲಿ ಸೇರಿದೆಯೋ ಇಲ್ಲವೋ ಕೇಳಬೇಕು. ಬಾರದೆ ಹೋದರೆ ಎಷ್ಟು ಗಂಟೆ ಮುಂಚೆ ತಿಳಿಸಬೇಕೆಂಬುದನ್ನು ಕೇಳಬೇಕು. ಕಾಲರಿರುವ ಅಂಗಿ ತೊಡಬೇಕು, ಜೀನ್ಸ್ ಕೂಡದು, ಲೋಹದ ಮೊಳೆಯ ಪಾದರಕ್ಷೆ ಕೂಡದು. ಇವೆಲ್ಲ ಒಂದೊಂದು ಮೈದಾನದಲ್ಲಿ ಒಂದೊಂದು ಬಗೆ. ಅಳಿಯಂದಿರು ಇದನ್ನೆಲ್ಲ ಒಂದು ಕಾಗದದಲ್ಲಿ ಗುರುತುಮಾಡಿಕೊಂಡರು.

ಆಗ ನಾನು, "ನನ್ನ ಪಂಚೆ ಜುಬ್ಬಕ್ಕೆ ಅಡ್ಡಿಯುಂಟೇ? ಅದನ್ನೂ ಕೇಳಿ" ಎಂದೆ. ಅವರು ದೂರವಾಣಿಯಲ್ಲಿ ವಿಚಾರಿಸಿದರು. ಮೈದಾನದವರು ಪ್ರಕಟಿಸಿದ್ದ ನಿಬಂಧನೆಯಲ್ಲಿ "ಗಾಲ್ಫಿಗೆ ತಕ್ಕ ಉಡುಪು" ಎಂದಿಷ್ಟೇ ಇತ್ತು. ದೂರವಾಣಿಯ ಆ ಕಡೆಯಿಂದ ಬಂದ ಉತ್ತರದ ತಾತ್ಪರ್ಯವಿಷ್ಟು: "ಬನ್ನಿ, ಬಂದಮೇಲೆ ನೋಡೋಣ."

ಈ ಮೂರು ಮಾತುಗಳ ಮೇಲೆಯೇ ಈ ಲೇಖನವೆಲ್ಲ ನಿಂತಿದೆ.

ನಾವು ಹೋದೆವು. ನಮ್ಮ ಮುಂದೆ ನಿಂತಿದ್ದಾತ ಜೀನ್ಸ್ ತೊಟ್ಟಿದ್ದ. ಮಾತಿಲ್ಲದೆ ಒಳಗೆ ಹೋದ. ಆತ ಸದಸ್ಯನೆಂದು ಆಮೇಲೆ ತಿಳಿಯಿತು. ನಮ್ಮ ಸರದಿ ಬಂದಾಗ ಅಲ್ಲಿದ್ದ ಯುವಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾರನ್ನೋ ಕೇಳಿಬರುವೆನೆಂದು ಒಳಗೆ ಹೋದ. ಹತ್ತು ನಿಮಿಷ ನಾವು ಬಾಗಿಲಲ್ಲಿ ನಿಂತಿದ್ದೆವು. ಹಿಂದೆ ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನನ್ನ ಮೊಮ್ಮಗ, ಒಂಬತ್ತು ವಯಸ್ಸಿನವನು, "ತಾತ, ನಿಮ್ಮನ್ನು ಬಿಡುವುದಿಲ್ಲವೇ?" ಎಂದು ಕೇಳಿದ. ಯುವಕ ನಗುಮುಖದಿಂದಲೇ ಹಿಂದಿರುಗಿ, "ಈ ಸಲಕ್ಕೆ ಆಗಬಹುದು" ಎಂದ. ಒಳಗೆ ಹೋಗಿ ಮರಗಳನ್ನೂ ನೋಡಿದೆ, ಕೆರೆಯನ್ನೂ ನೋಡಿದೆ. ನಾಲ್ಕೂವರೆ ಗಂಟೆಯ ಆಟ ಮುಗಿಯುವವರೆಗೂ "ಈ ಸಲಕ್ಕೆ" ಎಂಬ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಇತ್ತು. ಅವರು ನನ್ನನ್ನು ತಡೆಯಲಿಲ್ಲ, ಬೈಯಲಿಲ್ಲ. ಶುಲ್ಕ ಕೊಟ್ಟು ಪಡೆಯತಕ್ಕದ್ದನ್ನು ದಾನವಾಗಿ ಕೊಟ್ಟರು, ಅಷ್ಟೆ.

ಇನ್ನು ಮೊದಲನೆಯ ಆಕ್ಷೇಪಕ್ಕೆ ಬರುತ್ತೇನೆ. ಗಾಲ್ಫ್ ಸಿರಿವಂತರ ಆಟ, ಅದರಲ್ಲಿ ಬಡವನಿಗೂ ಪಂಡಿತನಿಗೂ ಏನು ಕೆಲಸ ಎಂಬುದು ಆಕ್ಷೇಪ. ಇಂದಿನ ಸ್ಥಿತಿಯನ್ನು ನೋಡಿ ಆಡಿದ ಮಾತು ಇದು. ಆಟದ ಹುಟ್ಟನ್ನು ನೋಡಿ ಆಡಿದ್ದಲ್ಲ. ಸ್ಕಾಟ್ಲೆಂಡಿನಲ್ಲಿ ಜನ ಬಿಲ್ವಿದ್ಯೆಯನ್ನು ಬಿಟ್ಟು ಗಾಲ್ಫಿನಲ್ಲಿ ಹೊತ್ತು ಕಳೆಯುತ್ತಾರೆಂದು 1457ರಲ್ಲಿಯೇ ಅಲ್ಲಿಯ ಅರಸೊತ್ತಿಗೆ ಈ ಆಟವನ್ನು ನಿಷೇಧಿಸಿತು. ನಾಲ್ಕು ಜನ ಶ್ರೀಮಂತರು ಮಾತ್ರ ಆಡುತ್ತಿದ್ದ ಆಟಕ್ಕೆ ರಾಜ್ಯದ ಶಾಸನವೇಕೆ? ಆ ದೇಶದ ಸೇಂಟ್ ಆಂಡ್ರೂಸ್ ಎಂಬ ಊರಿನ ಕಡಲಂಚಿನ ಬಯಲು ಗಾಲ್ಫಿನ ಮೂಲಸ್ಥಾನವೆಂದು ಪ್ರಸಿದ್ಧವಾಗಿದೆ. ಆ ಬಯಲು ನಮ್ಮ ಹಳ್ಳಿಗಳ ಗೋಮಾಳದಂಥದು. ಅಲ್ಲಿ ದನಕುರಿಗಳು ಮೇಯುತ್ತಿದ್ದವು, ಹೆಂಗಸರು ಹಳ್ಳದಲ್ಲಿ ಬಟ್ಟೆ ಒಗೆದು ಹುಲ್ಲಿನ ಮೇಲೆ ಹರವುತ್ತಿದ್ದರು. 1552ರಲ್ಲಿ ಅಲ್ಲಿಯ ಧರ್ಮಾಧಿಕಾರಿ ಹ್ಯಾಮಿಲ್ಟನ್ ಎಂಬಾತ ಬರೆದುಕೊಟ್ಟ ಶಾಸನದಲ್ಲಿ, ಆ ಬಯಲಿನಲ್ಲಿ ಮೊಲಗಳನ್ನು ಸಾಕಿದರೂ ಊರವರು ಗಾಲ್ಫ್ ಮೊದಲಾದ ಆಟಗಳನ್ನು ಆಡುವ ಹಕ್ಕಿಗೆ ಭಂಗವಿಲ್ಲವೆಂದು ಒಪ್ಪಿಕೊಂಡಿದೆ. ಶ್ರೀಮಂತರು ಸೇರಿ ಅಲ್ಲಿ ಸಂಘ ಕಟ್ಟಿಕೊಂಡದ್ದು ಆಮೇಲೆ, 1754ರಲ್ಲಿ. ಸಂಘ ಬಂದರೂ ನೆಲ ಸಂಘದ್ದಾಗಿ ಉಳಿಯಲಿಲ್ಲ. 1797ರಲ್ಲಿ ನಗರಸಭೆ ಸಾಲದಲ್ಲಿ ಮುಳುಗಿ ಬಯಲನ್ನು ಮಾರಿಕೊಂಡದ್ದೂ, ಮೊಲದ ವ್ಯಾಪಾರಿಗಳಿಗೂ ಆಟಗಾರರಿಗೂ ಬಹುಕಾಲ ವ್ಯಾಜ್ಯ ನಡೆದದ್ದೂ ಉಂಟು. ಆದರೆ 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಬಯಲು ಮತ್ತೆ ಊರಿನ ಕೈ ಸೇರಿತು. 1974ರಿಂದ ಅದನ್ನು ಒಂದು ಧರ್ಮದರ್ಶಿ ಮಂಡಲಿ ನೋಡಿಕೊಳ್ಳುತ್ತಿದೆ.

ಈಗಲೂ ಅಲ್ಲಿಯ ಹಳೆಯ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿಲ್ಲ. ಊರವರು ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅಡ್ಡಾಡುತ್ತಾರೆ. ಮೊದಲನೆಯ ಮತ್ತು ಹದಿನೆಂಟನೆಯ ಕುಳಿಗಳ ಹುಲ್ಲುಹಾಸಿಗೆ ಅಡ್ಡಲಾಗಿ ಒಂದು ಸಾರ್ವಜನಿಕ ರಸ್ತೆಯೇ ಹಾದುಹೋಗಿದೆ. ಜಗತ್ಪ್ರಸಿದ್ಧ ಆಟಗಾರನೂ ದಾರಿಹೋಕ ದಾಟುವವರೆಗೆ ದಾಂಡನ್ನು ಇಳಿಸಿ ನಿಲ್ಲಬೇಕು. ಹೊರಗಿನಿಂದ ಬಂದವನು ಅಲ್ಲಿ ಆಡಬೇಕಾದರೆ ತನ್ನ ಆಟದ ಮಟ್ಟವನ್ನು ತೋರಿಸುವ ಪ್ರಮಾಣಪತ್ರ ಬೇಕು. ಮುಂಚಿತವಾಗಿ ಗಳಿಗೆ ಸಿಕ್ಕದಿದ್ದರೆ ಚೀಟಿಯೆತ್ತುವ ಪದ್ಧತಿಯುಂಟು. ಚೀಟಿಯೆತ್ತುವ ಕೈ ಯಾರ ಉಡುಪನ್ನೂ ನೋಡುವುದಿಲ್ಲ. ಸ್ಕಾಟ್ಲೆಂಡಿನ 2003ರ ಭೂಸುಧಾರಣೆಯ ಕಾಯಿದೆ ಇನ್ನೂ ಮುಂದೆ ಹೋಗಿ, ಖಾಸಗಿ ಗಾಲ್ಫ್ ಮೈದಾನವನ್ನು ಕೂಡ ಆಟಕ್ಕೆ ತೊಂದರೆಯಾಗದಂತೆ, ಕುಳಿಯ ಸುತ್ತಣ ನುಣುಪು ಹುಲ್ಲನ್ನು ತುಳಿಯದಂತೆ, ದಾಟಿಹೋಗುವ ಹಕ್ಕನ್ನು ದಾರಿಹೋಕನಿಗೆ ಕೊಟ್ಟಿದೆ. ಗೋಮಾಳದಲ್ಲಿ ಹುಟ್ಟಿದ ಆಟವನ್ನು ಗೋಡೆಯೊಳಗೆ ಸೇರಿಸಿದವರು ನಾವು ಮನುಷ್ಯರು. ಹುಲ್ಲಿನದಾಗಲಿ ಚೆಂಡಿನದಾಗಲಿ ಇದರಲ್ಲಿ ಅಪರಾಧವಿಲ್ಲ.

ನಮ್ಮ ದೇಶಕ್ಕೆ ಈ ಆಟ ಬಂದದ್ದು ಗೋಡೆಯ ಸಮೇತವಾಗಿ. ಕಲ್ಕತ್ತೆಯ ಕ್ಲಬ್ಬು ಸ್ಥಾಪಿತವಾದದ್ದು 1829ರಲ್ಲಿ, ಬೆಂಗಳೂರಿನದು 1876ರಲ್ಲಿ. ಆಳುವವರ ಬಿಡಾರದೊಡನೆ ಬಂದದ್ದಾದ್ದರಿಂದ, ಒಳಗೆ ಆಡುವವರು ಅವರು, ಹೊರೆ ಹೊರುವವರು ನಾವು ಎಂಬ ಏರ್ಪಾಡು ಮೊದಲಿನಿಂದಲೇ ಇತ್ತು. ಆದರೂ ಬಾಗಿಲು ಬೆರಳಗಲ ತೆರೆದಾಗ ಏನಾಯಿತೆಂಬುದನ್ನು ಆಕ್ಷೇಪಕರು ನೋಡಬೇಕು. ಬಿಡದಿಯ ಬಳಿಯ ಮೈದಾನವೊಂದರಲ್ಲಿ ಚೆಂಡು ಆಯುವ ಹುಡುಗನಾಗಿದ್ದ ಚಿಕ್ಕರಂಗಪ್ಪನವರು ದೇಶದ ಅಗ್ರಗಣ್ಯ ವೃತ್ತಿ ಆಟಗಾರರಲ್ಲಿ ಒಬ್ಬರಾದರು. ಬೆಂಗಳೂರಿನ ಅದಿತಿ ಅಶೋಕ್ ಎಂಬ ಹೆಣ್ಣುಮಗಳು ಐದನೆಯ ವಯಸ್ಸಿನಲ್ಲಿ ದಾಂಡು ಹಿಡಿದು, 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನದಲ್ಲಿ ನಿಂತಳು. ಆ ಹುಡುಗನನ್ನು ಚೆಂಡಿನ ಬುಟ್ಟಿಯೊಡನೆ ಮಾತ್ರ ಒಳಗೆ ಬಿಟ್ಟು ದಾಂಡನ್ನು ಮುಟ್ಟಗೊಡದಿದ್ದರೆ? ಮಗುವಿಗೆ ಇಲ್ಲಿ ಎಡೆಯಿಲ್ಲವೆಂದಿದ್ದರೆ? ಆದಕಾರಣ ಬಾಗಿಲಿನ ವಿಚಾರ ಸಿರಿವಂತರ ವಿಚಾರವಲ್ಲ. ಹೊರಗೆ ನಿಂತವರ ವಿಚಾರ. ಹೊರಗೆ ನಿಂತವನು ಅದನ್ನೆತ್ತದೆ ಒಳಗಿರುವವನು ಎತ್ತುವನೇ?

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಸ್ವತ್ತು ಯಾರದೋ ಇಚ್ಛೆಯೂ ಅವರದೇ ಎಂಬುದು ಅದರ ಸಾರ. ನನ್ನ ಉತ್ತರ ಇದು: ಕೇವಲ ಖಾಸಗಿಯಾದ ಮನೆಯ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಸರಿ. ನನ್ನ ಪಡಸಾಲೆಗೆ ಯಾರನ್ನು ಕರೆಯಬೇಕೆಂಬುದನ್ನು ನಾನೇ ನಿರ್ಣಯಿಸತಕ್ಕದ್ದು. ಆದರೆ ಅದೇ ಪಡಸಾಲೆಯಲ್ಲಿ ನಾಲ್ಕು ಮೇಜು ಹಾಕಿ, ಇಡ್ಲಿ ತಟ್ಟೆಗೆ ಇಷ್ಟೆಂದು ಹಲಗೆ ಬರೆದು, ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆದ ಮೇಲೆ ಅದು ಪಡಸಾಲೆಯಾಗಿ ಉಳಿಯಲಿಲ್ಲ, ಹೋಟೆಲಾಯಿತು. ನಮ್ಮ ಶಾಸ್ತ್ರಕಾರರು ಅರ್ಧಕುಕ್ಕುಟೀನ್ಯಾಯವೆಂಬ ಒಂದು ನ್ಯಾಯವನ್ನು ಹೇಳುತ್ತಾರೆ. ಒಬ್ಬನಿಗೆ ಒಂದು ಕೋಳಿಯಿತ್ತಂತೆ. ಅದರ ಅರ್ಧವನ್ನು ಅಡಿಗೆಗೆ ಕೊಯ್ದುಕೊಂಡು, ಉಳಿದರ್ಧವನ್ನು ಮೊಟ್ಟೆಯಿಡಲು ಬಿಟ್ಟುಕೊಳ್ಳೋಣವೆಂದು ಅವನ ಆಲೋಚನೆ. ಹಣದ ಪೆಟ್ಟಿಗೆಯ ಮುಂದೆ ಸಾರ್ವಜನಿಕ, ಬಾಗಿಲಿನ ಮುಂದೆ ಖಾಸಗಿ ಎಂಬ ಮೈದಾನದವರ ಆಲೋಚನೆ ಆ ಜಾತಿಯದು. ಎರಡರಲ್ಲೊಂದನ್ನು ಆರಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಹೊತ್ತು ಸದಸ್ಯರಿಗೆ ಇರಲಿ, ದರದಲ್ಲಿ ರಿಯಾಯಿತಿಯೂ ಇರಲಿ. ವರುಷವೆಲ್ಲ ಹಣ ಕಟ್ಟಿದವರಿಗೆ ಅದು ನ್ಯಾಯವೇ. ಆದರೆ ಹೊರಗಿನವರಿಗೆಂದು ಮಾರಿದ ಗಳಿಗೆಯಲ್ಲಿ ಹೊರಗಿನವರೆಲ್ಲರೂ ಸಮಾನರು. ಅಲ್ಲಿ ಬರೆದಿಟ್ಟ ನಿಬಂಧನೆಯೇ ಪ್ರಮಾಣವಾಗಬೇಕು, ಬಾಗಿಲು ಕಾಯುವವನ ಕಣ್ಣಲ್ಲ.

ಇದು ಪಂಚೆ ಉಟ್ಟ ಮುದುಕನ ಮುನಿಸೆಂದು ಯಾರಾದರೂ ನಗುವ ಮುಂಚೆ, ಅದೇ ಉತ್ತರ ಕ್ಯಾರೊಲೈನಾದಲ್ಲಿ, ನನ್ನ ಮಗಳ ಊರಿನಿಂದ ಮೋಟಾರಿನಲ್ಲಿ ಒಂದೂವರೆ ಗಂಟೆಯೊಳಗಿನ ದೂರದಲ್ಲಿರುವ ಗ್ರೀನ್ಸ್‌ಬರೊ ಎಂಬ ನಗರದ ಚರಿತ್ರೆಯನ್ನು ಕೇಳಬೇಕು. ಆ ಶನಿವಾರದ ಮೇಲೆ ಅಲ್ಲಿಯ ಪುಸ್ತಕಭಂಡಾರದಲ್ಲಿ ಕುಳಿತು ನಾನು ಓದಿ ತಿಳಿದದ್ದು ಇದು. ಅಲ್ಲಿ ಗಿಲೆಸ್ಪಿ ಪಾರ್ಕ್ ಎಂಬ ಗಾಲ್ಫ್ ಮೈದಾನವಿದೆ. ಸಾರ್ವಜನಿಕರ ನೆಲದಲ್ಲಿ ಸಾರ್ವಜನಿಕರ ಹಣದಿಂದ ಆದದ್ದು. ಕರಿಯರು ತಮಗೂ ಪ್ರವೇಶ ಬೇಕೆಂದು ಕೇಳತೊಡಗಿದಾಗ, ನಗರದವರು ಅದನ್ನು 1949ರಲ್ಲಿ ಒಂದು ಕ್ಲಬ್ಬಿಗೆ ಗುತ್ತಿಗೆ ಕೊಟ್ಟುಬಿಟ್ಟರು. ಅಂದಿನಿಂದ ಅದು ಹೆಸರಿಗೆ ಖಾಸಗಿ. ಸದಸ್ಯರಿಗೂ ಅವರ ಅತಿಥಿಗಳಿಗೂ ಮಾತ್ರವೆಂದು ನಿಯಮ. ಆದರೆ ಬಿಳಿಯನಾದವನು ಸದಸ್ಯನಲ್ಲದಿದ್ದರೂ ಶುಲ್ಕವಿತ್ತು ಆಡಬಹುದಾಗಿತ್ತು. 1955ರ ಡಿಸೆಂಬರ್ 7ರಂದು ದಂತವೈದ್ಯರಾದ ಡಾ. ಜಾರ್ಜ್ ಸಿಮ್‌ಕಿನ್ಸ್ ಎಂಬುವರೂ ಅವರ ಐವರು ಸಂಗಡಿಗರೂ ಅಲ್ಲಿಗೆ ಹೋಗಿ, ತಲೆಗೆ 75 ಸೆಂಟಿನಂತೆ ಶುಲ್ಕವನ್ನು ಮೇಜಿನ ಮೇಲಿಟ್ಟು, ಆಡತೊಡಗಿದರು. ಅತಿಕ್ರಮ ಪ್ರವೇಶದ ಅಪರಾಧವೆಂದು ಅವರನ್ನು ಬಂಧಿಸಿದರು. ಸೆರೆವಾಸದ ಶಿಕ್ಷೆಯನ್ನೂ ವಿಧಿಸಿದರು.

ಆರು ಮಂದಿ ಸುಮ್ಮನಿರಲಿಲ್ಲ. ಹೆಸರಿಗೆ ಗುತ್ತಿಗೆ ಕೊಟ್ಟ ಮಾತ್ರಕ್ಕೆ ನಗರದವರು ತಮ್ಮ ಕರ್ತವ್ಯದಿಂದ ನುಣುಚಿಕೊಳ್ಳಲಾಗದೆಂದು 1957ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ತೀರ್ಪು ಜಾರಿಗೆ ಬರುವ ಮುಂಚೆ ಮೈದಾನದ ಕಟ್ಟಡ ಬೆಂಕಿಗೆ ತುತ್ತಾಯಿತು. ನಗರದವರು ಮೈದಾನವನ್ನೇ ಮುಚ್ಚಿದರು. ಎಲ್ಲರಿಗೂ ತೆರೆಯುವುದಕ್ಕಿಂತ ಯಾರಿಗೂ ತೆರೆಯದಿರುವುದೇ ಲೇಸೆಂದು ಭಾವಿಸಿದರಲ್ಲದೆ ಬೇರೇನು? ಸೆರೆವಾಸದ ಮೊಕದ್ದಮೆ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1960ರಲ್ಲಿ ಐವರು ಎದುರು, ನಾಲ್ವರು ಪರವಾಗಿ ಬಿದ್ದುಹೋಯಿತು. ಬಳಿಕ ಸಂಸ್ಥಾನದ ಗವರ್ನರು ಸೆರೆವಾಸವನ್ನು ತಪ್ಪಿಸಿದರು. ಮೈದಾನ ಎಲ್ಲರಿಗೂ ತೆರೆದದ್ದು 1962ರಲ್ಲಿ. ಮೇಜಿನ ಮೇಲೆ ಇಟ್ಟ 75 ಸೆಂಟಿಗೆ ಏಳು ವರುಷ ಹಿಡಿಯಿತು.

ಅದೇ ದೇಶದ ಆರ್ಕನ್ಸಾ ಸಂಸ್ಥಾನದಲ್ಲಿ ಒಂದು ವಿಹಾರಸ್ಥಳದವರು 25 ಸೆಂಟಿಗೆ ಒಂದು "ಸದಸ್ಯತ್ವ" ಚೀಟಿಯನ್ನು ಬಿಳಿಯರಿಗೆಲ್ಲ ಹಂಚಿ, ಕರಿಯರಿಗೆ "ಇದು ಖಾಸಗಿ ಕ್ಲಬ್ಬು" ಎಂದು ಹೇಳಿ ಕಳುಹಿಸುತ್ತಿದ್ದರು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಚೀಟಿಯ ಮುಸುಕನ್ನು ತೆಗೆದುಹಾಕಿತು: ಎಲ್ಲರಿಗೂ ಮಾರುವ ಸದಸ್ಯತ್ವ ಸದಸ್ಯತ್ವವಲ್ಲ, ಅದು ಸಾರ್ವಜನಿಕರ ಸ್ಥಳವೇ ಎಂದು ನಿರ್ಣಯಿಸಿತು. ನಮ್ಮ ವಕೀಲ ಮಿತ್ರರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ನಮ್ಮದೇ ಸಂವಿಧಾನದ 15ನೆಯ ಅನುಚ್ಛೇದವನ್ನಂತೂ ಬಲ್ಲರು. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ, ಹಾಗೆಯೇ ಸರಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ರಸ್ತೆ, ಇವುಗಳಲ್ಲಿ ಮತ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಅಲ್ಲಿದೆ. ಉಡುಪಿನ ಹೆಸರು ಅದರಲ್ಲಿಲ್ಲ, ನಿಜ. ಜಾತಿಯನ್ನು ಕೇಳಲಾಗದವನು ಉಡುಪನ್ನು ಕೇಳುತ್ತಾನೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. 2017ರಲ್ಲಿ ದೆಹಲಿಯ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ತಮ್ಮ ನಾಡಿನ ಜೈನ್ಸೆಮ್ ಉಟ್ಟು ಅತಿಥಿಯಾಗಿ ಬಂದಿದ್ದ ಮೇಘಾಲಯದ ಮಹಿಳೆಯೊಬ್ಬರನ್ನು, ಕೆಲಸದವಳ ಹಾಗೆ ಕಾಣುತ್ತಾರೆಂದು ಊಟದ ಮನೆಯಿಂದ ಏಳಿಸಿದರು. 2024ರ ಜುಲೈ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, ಮಗನೊಡನೆ ಚಲಚ್ಚಿತ್ರ ನೋಡಬಂದ ಹಾವೇರಿ ಕಡೆಯ ವೃದ್ಧ ರೈತರನ್ನು ಪಂಚೆ ಉಟ್ಟಿದ್ದಾರೆಂದು ಮಾಲ್ ಒಂದರ ಬಾಗಿಲಲ್ಲಿ ತಡೆದರು. ಏಳು ದಿನ ಆ ಮಾಲನ್ನು ಮುಚ್ಚಿಸುವುದಾಗಿ ಸರಕಾರ ಪ್ರಕಟಿಸಬೇಕಾಯಿತು. ಈ ಎರಡು ಕಡೆಯೂ ತಡೆದವರು ಪರದೇಶದವರಲ್ಲ.

ಇಷ್ಟು ಬರೆದು ನಾನು ಕೈತೊಳೆದುಕೊಂಡರೆ ಅದು ಅಪ್ರಾಮಾಣಿಕತೆಯಾದೀತು. ಅರೆದೆರೆದ ಬಾಗಿಲನ್ನು ನಾನು ಒಳಗಿನಿಂದಲೂ ಬಲ್ಲೆ. ನಾನು ಓದಿದ ಪಾಠಶಾಲೆಯ ಹೊರಗೋಡೆಯ ಮೇಲೆ "ವಿದ್ಯಾರ್ಥಿಗಳೆಲ್ಲರಿಗೂ ಉಚಿತ ಪಾಠ, ಉಚಿತ ಭೋಜನ" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಓದಿಕೊಂಡು ನಮ್ಮ ಬೀದಿಯ ದರ್ಜಿಯ ಮಗ ಒಂದು ದಿನ ಬಂದು ಸೇರಿದ. ಹದಿಮೂರು ವಯಸ್ಸಿರಬಹುದು. ಬೆಳಗಿನ ಪಾಠದಲ್ಲಿ ನಮ್ಮ ಜೊತೆಗೇ ಕುಳಿತ. ಗುರುಗಳು ಹೇಳಿದ ಶಬ್ದರೂಪವನ್ನು ಎರಡೇ ಆವೃತ್ತಿಗೆ ಒಪ್ಪಿಸಿದ. ಮಧ್ಯಾಹ್ನ ಎಲೆ ಹಾಕಿದಾಗ ಅಡಿಗೆಯವರು ಅವನಿಗೆ, "ನೀನು ಆಮೇಲೆ" ಎಂದರು. ಅವನು, "ಆಮೇಲೆ ಅಂದರೆ ಎಷ್ಟು ಹೊತ್ತಿಗೆ?" ಎಂದು ಕೇಳಿದ. ಯಾರೂ ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತು ಕಂಬದ ಬಳಿ ನಿಂತಿದ್ದು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ನಾನು ಎಲೆಯ ಮುಂದೆ ಕುಳಿತಿದ್ದೆ; ಎರಡನೆಯ ಸಲ ಸಾರನ್ನು ಹಾಕಿಸಿಕೊಂಡೆ. ಐವತ್ತು ವರುಷಗಳ ಮೇಲೆ ಸಮುದ್ರದಾಚೆ ಒಂದು ಬಾಗಿಲಲ್ಲಿ ಹತ್ತು ನಿಮಿಷ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಆ ಕಂಬ. "ನೀನು ಆಮೇಲೆ" ಎಂಬುದೂ "ಬಂದಮೇಲೆ ನೋಡೋಣ" ಎಂಬುದೂ ಒಂದೇ ಮಾತು. ಇಲ್ಲವೆಂದು ನೇರವಾಗಿ ಹೇಳಿದ್ದರೆ ದರ್ಜಿಯ ಮಗ ಜಗಳವಾಡಬಹುದಾಗಿತ್ತು. ಗೋಡೆಯ ಮೇಲೆ ಹೌದು, ಎಲೆಯ ಮುಂದೆ ಆಮೇಲೆ ಎಂದರೆ ಯಾರೊಡನೆ ಜಗಳವಾಡುವುದು? ಪೂರಾ ಮುಚ್ಚಿದ ಬಾಗಿಲಿಗಿಂತ ಅರೆದೆರೆದ ಬಾಗಿಲು ಕ್ರೂರವಾಗಬಲ್ಲುದೆಂದು ನಾನು ಹೇಳುವುದು ಇದರಿಂದ.

ಹಾಗಾದರೆ ಕರ್ತವ್ಯವೇನು? ನಮ್ಮಲ್ಲಿ ಯಾವ ಶಾಸ್ತ್ರಗ್ರಂಥವನ್ನೇ ಆಗಲಿ ಮೊದಲುಮಾಡುವಾಗ ನಾಲ್ಕು ಅನುಬಂಧಗಳನ್ನು ಹೇಳತಕ್ಕದ್ದೆಂಬ ಸಂಪ್ರದಾಯವಿದೆ: ಇದರ ವಿಷಯವೇನು, ಪ್ರಯೋಜನವೇನು, ಇವೆರಡಕ್ಕೂ ಗ್ರಂಥಕ್ಕೂ ಸಂಬಂಧವೇನು, ಇದಕ್ಕೆ ಅಧಿಕಾರಿ ಯಾರು. ಗ್ರಂಥದ ಹೊಸ್ತಿಲಲ್ಲಿಯೇ ಇದನ್ನು ಹೇಳುವುದೇಕೆಂದರೆ, ಓದುವವನು ನಡುವೆ ಬಂದು ಮೋಸಹೋಗಬಾರದೆಂದು. ಹೊರಗಿನವರ ಹಣವನ್ನು ಪಡೆಯುವ ಮೈದಾನದವರೂ ಈ ನಾಲ್ಕನ್ನು ಬಾಗಿಲಲ್ಲಿಯೇ ಬರೆಯಲಿ. ವಿಷಯ: ಯಾವ ದಿನ ಯಾವ ಹೊತ್ತು ಹೊರಗಿನವರದು. ಪ್ರಯೋಜನ: ಕೊಟ್ಟ ಹಣಕ್ಕೆ ಏನೇನು ಸಲ್ಲುವುದು, ಗಾಡಿ ಸೇರಿದೆಯೇ, ಮಳೆ ಬಂದು ಆಟ ನಿಂತರೆ ಗತಿಯೇನು. ಸಂಬಂಧ: ಸದಸ್ಯನಿಗೂ ಅತಿಥಿಗೂ ಇರುವ ವ್ಯತ್ಯಾಸ ಎಲ್ಲೆಲ್ಲಿ, ಎಷ್ಟೆಷ್ಟು. ಅಧಿಕಾರಿ: ಆಟದ ಮಟ್ಟದ ಪತ್ರ ಬೇಕೇ, ಆಡದವನು ಜೊತೆಗೆ ಬರಬಹುದೇ, ಮಕ್ಕಳು ಬರಬಹುದೇ, ಉಡುಪು ಎಂಥದು. "ತಕ್ಕ ಉಡುಪು" ಎಂದು ಬರೆದು ಸುಮ್ಮನಾಗಕೂಡದು. ಯಾರಿಗೆ ತಕ್ಕದ್ದು, ಯಾರು ಹೇಳಿದ್ದು? ಪಂಚೆ ಕೂಡದೆಂದಾದರೆ ಕೂಡದೆಂದೇ ಬರೆಯಲಿ. ಬರೆದದ್ದನ್ನು ನಾಲ್ವರು ಓದುತ್ತಾರೆ, ಕೇಳುತ್ತಾರೆ, ಬರೆದವನೇ ನಾಚುವ ಕಾಲವೂ ಬರುತ್ತದೆ. ಬರೆಯದ ನಿಯಮಕ್ಕೆ ನಾಚಿಕೆಯಿಲ್ಲ. ದೇಹಲೀದೀಪವೆಂದರೆ ಹೊಸ್ತಿಲ ಮೇಲಿನ ದೀಪ; ಒಳಕ್ಕೂ ಹೊರಕ್ಕೂ ಒಂದೇ ಬೆಳಕು. ಬಾಗಿಲಲ್ಲಿ ಬರೆದ ನಿಯಮ ಅಂಥದು. ಹೊರಗಿನವನಿಗೆ ದಾರಿ ತೋರುವುದರ ಜೊತೆಗೆ ಒಳಗಿನವನ ಕೈಯನ್ನೂ ಕಟ್ಟುತ್ತದೆ.

ಹೋಗುವವರಿಗೂ ಕರ್ತವ್ಯವಿದೆ. ನಮ್ಮ ಮಕ್ಕಳು ಮೊಮ್ಮಕ್ಕಳು ಪರದೇಶಗಳಲ್ಲಿರುವ ಈ ಕಾಲದಲ್ಲಿ ಈ ಪತ್ರಿಕೆಯ ವಾಚಕರಿಗೂ ಇಂಥ ಆಹ್ವಾನ ಬಂದೀತು. ನಮ್ಮ ನಾಡಿನಲ್ಲಿಯೂ ಹೊರಗಿನವರಿಗೆ ಶುಲ್ಕದ ಮೇಲೆ ಎಡೆಕೊಡುವ ಮೈದಾನಗಳುಂಟು. ಹೋಗುವ ಮುಂಚೆ ಮೇಲಿನ ನಾಲ್ಕನ್ನೂ ಕೇಳಿರಿ. ಸಾಧ್ಯವಾದರೆ ಉತ್ತರವನ್ನು ಬರಹದಲ್ಲಿ ಪಡೆಯಿರಿ. "ಬಂದಮೇಲೆ ನೋಡೋಣ" ಎಂದರೆ, "ಬರುವ ಮುಂಚೆಯೇ ನೋಡಿ ಹೇಳಿ" ಎನ್ನಿರಿ. ಗಳಿಗೆಗೆ ಅರ್ಧಗಂಟೆ ಮುಂಚೆ ಅಲ್ಲಿರಿ. ದಾಂಡು ಬೀಸುವವನ ಹಿಂದೆ ಮಾತನಾಡಬೇಡಿರಿ. ದಾಂಡು ಕಿತ್ತ ಹುಲ್ಲುಹೆಂಟೆಯನ್ನು ಅದರ ಸ್ಥಾನದಲ್ಲಿಟ್ಟು ಒತ್ತಿರಿ; ಮರಳುಗುಣಿಯಲ್ಲಿ ಮೂಡಿದ ಹೆಜ್ಜೆಯನ್ನು ಅಲ್ಲಿಟ್ಟಿರುವ ಹಲ್ಲುಕೋಲಿನಿಂದ ಸಮಮಾಡಿರಿ; ಹಿಂದಿನ ಗುಂಪು ಬೇಗ ಆಡುವಂಥದಾದರೆ ಬದಿಗೆ ಸರಿದು ದಾರಿಬಿಡಿರಿ. ಈ ಆಟದಲ್ಲಿ ಬಹುಪಾಲು ತನ್ನ ಏಟುಗಳನ್ನು ಎಣಿಸಿ ಬರೆದುಕೊಳ್ಳುವವನು ಆಡುವವನೇ, ಪಕ್ಕದಲ್ಲಿ ತೀರ್ಪುಗಾರನಿಲ್ಲ. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಆಟಗಾರನಿಂದ ಇಷ್ಟು ಸತ್ಯವನ್ನು ಕೇಳುವ ಆಟ, ತನ್ನ ಬಾಗಿಲಿನವರಿಂದಲೂ ಅಷ್ಟನ್ನೇ ಕೇಳಬಾರದೇ?

ಕೊನೆಗೆ ಒಂದು ಮಾತು. ಇದು ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ. ನಮ್ಮ ಕಟ್ಟಡದ ನೆಲ ಪೌರಸಭೆ ಕೊಟ್ಟದ್ದು. ವಾಚನಾಲಯದ ಹಲಗೆಯ ಮೇಲೆ "ಸಾರ್ವಜನಿಕರಿಗೆ ಸ್ವಾಗತ" ಎಂದಿದೆ. ಆದರೆ ಸಂಜೆ ಐದರ ಮೇಲೆ ಹೊಸ ಮುಖ ಕಂಡರೆ ನಮ್ಮ ಜವಾನರು, "ಸದಸ್ಯರೇ?" ಎಂದು ಕೇಳುತ್ತಾರೆ. ಕೆಲವರನ್ನು ಕೇಳುತ್ತಾರೆ, ಕೆಲವರನ್ನು ಕೇಳುವುದಿಲ್ಲ. ಕಳೆದ ವಾರ ಕೈಚೀಲ ಹಿಡಿದ ಹುಡುಗಿಯೊಬ್ಬಳು ಆ ಪ್ರಶ್ನೆಯನ್ನು ಕೇಳಿ ಮೆಟ್ಟಿಲಿಂದಲೇ ಹಿಂದಿರುಗಿದ್ದನ್ನು ನಾನು ಕಂಡೆ. ಈ ಸಲ ನಾನು ಎದ್ದು ಹೊರಗೆ ಹೋದೆ. ಅಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು. ಜವಾನರ ತಪ್ಪಲ್ಲ, ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದೆಂದು ನಾವು ಅವರಿಗೆ ಬರೆದುಕೊಟ್ಟಿಲ್ಲ. ಮುಂದಿನ ಸಭೆಯಲ್ಲಿ ಆ ನಿಬಂಧನೆಯನ್ನು ಬರೆದು ಹಲಗೆಯ ಕೆಳಗೆ ತೂಗುಹಾಕಬೇಕೆಂದು ನಾನು ಸೂಚನೆಯನ್ನು ಮಂಡಿಸುತ್ತೇನೆ. ನನ್ನ ಇಬ್ಬರು ಆಕ್ಷೇಪಕರಲ್ಲಿ ಒಬ್ಬರಾದರೂ ಅದನ್ನು ಅನುಮೋದಿಸಬೇಕೆಂದು ಪ್ರಾರ್ಥಿಸುತ್ತೇನೆ. ಇತ್ಯಲಂ.